ನನ್ನನ್ನು ಬಿಲ್ಲುಗಾರನಾಗಿಸಿದ ರಿಪೇರಿಯವರು

ದರ್ಬೆ ಪೇಟೆಯ ಆ ಕಂಪ್ಯೂಟರ್ ರಿಪೇರಿಯವರಿಗೆ ರಿಪೇರಿಯೊಂದನ್ನು ಬಿಟ್ಟು ಎಲ್ಲದಕ್ಕೂ ಪುರುಸೊತ್ತಿತ್ತು. ಅವರೆದುರಿನ ಕಂಪ್ಯೂಟರ್ ಪರದೆಯಲ್ಲಿ ಸದಾ, ಯಾರೋ ನಾಲ್ಕು ಜನ ಸೇರಿ ಮಾಡಿದ ಒಂದು ಯುದ್ಧದ ಆಟ. ತಮ್ಮ ಮತ್ತು ಗಿರಾಕಿಗಳ ಹೆಸರಿಟ್ಟ ಸೈನಿಕರನ್ನು ಚದುರಂಗದಂತೆ ಒಂದೊಂದೇ ಮನೆ ನಡೆಸುತ್ತಿದ್ದರು. ಯಾರಿಗೆ ಪ್ರೀತಿ, ಯಾರಿಗೆ ಗಾಯ ಎಂಬ ಕಥೆಯನ್ನು ಮಾತ್ರ ಆಟವೇ ಕಟ್ಟುತ್ತಿತ್ತು. ಅದರಲ್ಲಿ ನಾನು ಬಿಲ್ಲುಗಾರ. ಪಕ್ಕದ ಝೆರಾಕ್ಸ್ ಅಂಗಡಿಯ ಅಕ್ಕನೊಂದಿಗೆ ನನಗೆ ಮದುವೆಯೂ ಆಗಿತ್ತು.

ಆಕ್ಷೇಪಿಸಿದರೆ, "ಕಥೆ ಅದೇ ಕಟ್ಟುದು, ನಾನೆಂತ ಮಾಡುದು?" ಎಂದು ಸ್ಕ್ರೂಡ್ರೈವರಿನಿಂದ ಬೆನ್ನು ತುರಿಸಿಕೊಳ್ಳುತ್ತಿದ್ದರು. ರಿಪೇರಿಗೆ ಕೊಟ್ಟ ನನ್ನ ಕಂಪ್ಯೂಟರ್ ಯಾಕೆ ಆಗಲಿಲ್ಲ ಎಂದು ಕೇಳಿದರೂ ಅದೇ ಉತ್ತರ.

ತಿಂಗಳು ಕಳೆದ ಮೇಲೆ ಜಗಳಕ್ಕೆಂದೇ ಹೋದೆ. ಊಟದ ಡಬ್ಬಿಯನ್ನೂ ತೆರೆಯದೆ ಅವರು ಪರದೆ ನೋಡುತ್ತ ಕುಳಿತಿದ್ದರು.

"ಆಟದಲ್ಲಿ ಈಗ ನೀವು ಓಡಿದ್ರೆ ನನ್ನ ಹೆಸರಿನವ ಸಾಯುದು, ನಿಂತ್ರೆ ನೀವು ಸಾಯುದು. ನನ್ನಿಂದ ಆಗುದಿಲ್ಲ, ನೀವೇ ಒತ್ತಿ ಮಾರಾಯ್ರೆ."

ಮೂಲೆಯಲ್ಲಿ ಬಿಚ್ಚಿಟ್ಟ ನನ್ನ ಕಂಪ್ಯೂಟರ್ ನೋಡಿದೆ. ಅದರ ಸ್ಕ್ರೂಗಳು ಎಲ್ಲಿವೆಯೆಂದು ಗೊತ್ತಿದ್ದವರು ಜಗತ್ತಿನಲ್ಲಿ ಅವರೊಬ್ಬರೇ. ನಾನು ನನ್ನ ಸಾವನ್ನೇ ಒತ್ತಿದೆ.

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎಷ್ಟು ಒಳ್ಳೆ ಜನ ಇದ್ರಿ ನೀವು!"

"ನನ್ನ ಕಂಪ್ಯೂಟರ್?" ಎಂದೆ.

"ತೀರಿಹೋದವರದ್ದಲ್ವಾ, ಇನ್ನೆಂತ ಅವಸರ ಉಂಟು?"