ಅಂಬ್ರಪ್ಪನ ಸ್ಟೂಲು ನಿಲ್ಲುವ ಜಾಗ

ಅಂಬ್ರಪ್ಪ ಭೀಮರಾಯನಗುಡಿಯ ಕಾಲುವೆಗಳ ಮೇಲೆ ಗೇಟು ಎತ್ತಿ ಇಳಿಸಿ ನಿವೃತ್ತನಾದವನು. ನೀರು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡುವುದರಲ್ಲೇ ಅವನ ನೌಕರಿ ಮುಗಿದಿತ್ತು. ಶಹಾಪುರದ ಮನೆಯಲ್ಲಿ ಬಂದು ಕುಳಿತ ಮೇಲೆ ಕೈ ಸುಮ್ಮನಿರಲಿಲ್ಲ. ಒಂದು ಗರಗಸ, ಒಂದು ಉಳಿ, ಹಳೆಯದೊಂದು ರಂದಾ ತಂದು ಅಂಗಳದ ಚಪ್ಪರದಡಿ ಬೇವಿನ ಕಟ್ಟಿಗೆಯಲ್ಲಿ ಸ್ಟೂಲು ಮಾಡಲು ಶುರುಹಚ್ಚಿಕೊಂಡ. ಕಲಿಸುತ್ತೇನೆಂದು ಬಂದವರಿಗೆ ಚಹಾ ಕುಡಿಸಿ ಹಾಗೇ ಸಾಗಹಾಕಿದ.

ಈ ಹುಚ್ಚಿಗೆ ಕಾರಣವಿತ್ತು. ಹೆಂಡತಿ ಮೋನಮ್ಮನಿಗೆ ಮೊಣಕಾಲು ನೋವು. ನೆಲಕ್ಕೆ ಕೂತು ಜೋಳದ ರೊಟ್ಟಿ ಬಡಿದು, ಏಳುವಾಗ ಗೋಡೆ ಹಿಡಿದು ಅವಳು ನರಳುವುದನ್ನು ಅವನಿಂದ ಕೇಳಲಾಗುತ್ತಿರಲಿಲ್ಲ. ತನ್ನ ಕೈಯಾರೆ ಮಾಡಿದ ಗಿಡ್ಡ ಸ್ಟೂಲಿನ ಮೇಲೆ ಅವಳನ್ನು ಒಲೆಯ ಮುಂದೆ ಕೂರಿಸಬೇಕು, ಇಷ್ಟೇ ಅವನ ಆಸೆ. ಮೋನಮ್ಮ ಮಾತ್ರ ಖಡಾಖಡಿ ಹೇಳಿದ್ದಳು.

"ಬೆಂಕಿ ಮುಂದ ಅಲ್ಲಾಡೋದರ ಮ್ಯಾಲ ನಾ ಕುಂದರಂಗಿಲ್ಲ ನೋಡ್ರಿ. ಗಟ್ಟಿ ನಿಂತ ದಿನ ಕರೀರಿ."

ಅಂಗಳದಲ್ಲೇನೋ ಗಟ್ಟಿಯಾಗಿ ನಿಲ್ಲುತ್ತಿತ್ತು. ಚಪ್ಪರದಡಿ ಹಾಸಿದ್ದ ಪರಸಿ ಕಲ್ಲಿನ ಮೇಲಿಟ್ಟು, ನಾಲ್ಕೂ ಕಾಲು ನೆಲಕ್ಕೆ ತಾಗುವವರೆಗೆ ಕೆತ್ತಿ, ಮೇಲೆ ಹತ್ತಿ ಕುಣಿದು ನೋಡುತ್ತಿದ್ದ. ಅಡುಗೆಮನೆಗೆ ಒಯ್ದರೆ ಟಕ್ ಟಕ್. "ನೆಲ ಸರಿ ಇಲ್ಲ" ಎಂದು ಅಡುಗೆಮನೆಯ ನೆಲವನ್ನೇ ಅಗೆಸಿ ಸಿಮೆಂಟು ಹಾಕಿಸಿದ. ಹೊಸ ನೆಲದ ಮೇಲೂ ಟಕ್ ಟಕ್. ಮೋನಮ್ಮ ಒಪ್ಪದ ಸ್ಟೂಲುಗಳೆಲ್ಲ ಓಣಿಯ ಮನೆಗಳಿಗೆ ಹೋದವು. ಅಲ್ಲಿಯೂ ಅಲ್ಲಾಡಿದರೆ ಆ ಮನೆಯವರ ನೆಲದ ಮೇಲೆ ತಪ್ಪು ಹೊರಿಸಿ ಅಂಬ್ರಪ್ಪ ಹಾಯಾಗಿದ್ದ.

ಒಂದು ದಿನ ಪಕ್ಕದ ಮನೆಯ ಅನ್ವರಬಿ ತನಗೆ ಕೊಟ್ಟ ಸ್ಟೂಲನ್ನು ಎತ್ತಿಕೊಂಡು ಬಂದಳು.

"ಅಂಬ್ರಪ್ಪಣ್ಣ, ನನ್ನ ಮನಿ ನೆಲ ಖರಾಬ ಅಂದಿ. ಸುರಪುರದಾಗ ಮಗಳ ಮನಿಗೆ ಒಯ್ದೆ, ಅಲ್ಲೂ ಅಲ್ಲಾಡ್ತದ. ಪೂರಾ ಜಿಲ್ಲಾದ ನೆಲಾನೇ ಖರಾಬ ಅದ ಏನು?"

ಅಂಬ್ರಪ್ಪ ಅದನ್ನು ಕಸಿದು, ತಿರುಗಿಸಿ, ಎಂದಿನ ಜಾಗದಲ್ಲೇ ಪರಸಿಯ ಮೇಲಿಟ್ಟ. ಕದಲಲಿಲ್ಲ. ಗೆದ್ದವನಂತೆ ಅನ್ವರಬಿಯ ಮುಖ ನೋಡಿದ.

ಬಾಗಿಲಲ್ಲಿ ನಿಂತಿದ್ದ ಮೋನಮ್ಮ ಒಂದು ತಂಬಿಗೆ ನೀರು ತಂದು ಪರಸಿಯ ಮೇಲೆ ಸುರಿದಳು. ನೀರೆಲ್ಲ ಸರಸರ ಹರಿದು ಒಂದೇ ಮೂಲೆಯಲ್ಲಿ, ಸ್ಟೂಲಿನ ಒಂದು ಕಾಲಿನ ಸುತ್ತ, ನಿಂತುಕೊಂಡಿತು.

"ಆ ಮೂಲಿ ಕುಸದದ ರೀ. ದಿನಾ ಅಂಗಳ ತೊಳೆಯಾಕಿ ನಾ. ನೀವು ಅಲ್ಲೇ ಇಟ್ಟು ಅಳತಿ ನೋಡ್ತೀರಿ ಅಂತ ಇವತ್ತ ಕಣ್ಣಿಗೆ ಬಿತ್ತು."

ಕುಸಿದ ಮೂಲೆಗೆ ಬರುವ ಕಾಲು ಎಲ್ಲ ಸ್ಟೂಲುಗಳಲ್ಲೂ ಒಂದಿಷ್ಟು ಉದ್ದ ಉಳಿದಿತ್ತು. ಅನ್ವರಬಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಂಬ್ರಪ್ಪ ನಗಲಿಲ್ಲ. ಜೀವಮಾನವೆಲ್ಲ ನೀರು ನೋಡಿದವನಿಗೆ ಮನೆಯ ನೀರು ಕಾಣಲಿಲ್ಲವಲ್ಲ ಎಂದು ಅವನಿಗೆ ಭಾರಿ ಅವಮಾನವಾಯಿತು. ನಾಳೆ ಎಲ್ಲದರ ಉದ್ದದ ಕಾಲು ಕತ್ತರಿಸುತ್ತೇನೆ ಎಂದಷ್ಟೇ ಹೇಳಿ, ರಾತ್ರಿ ಅರ್ಧ ರೊಟ್ಟಿ ತಿಂದು ಕೈತೊಳೆದ. ಅವನು ಊಟ ಬಿಟ್ಟೆದ್ದದ್ದು ಕಂಡು ಮೋನಮ್ಮನಿಗೆ ಚುರುಕ್ಕೆಂದಿತು.

ಬೆಳಗ್ಗೆ ಅವನು ಗರಗಸ ಹಿಡಿದು ಹೊರಬಂದಾಗ ಚಪ್ಪರದಡಿ ಹೊಗೆಯಾಡುತ್ತಿತ್ತು. ಅಡುಗೆಮನೆಯ ಕಬ್ಬಿಣದ ಒಲೆ ಅಂಗಳಕ್ಕೆ ಬಂದಿತ್ತು. ಮೋನಮ್ಮ ಪರಸಿಯ ಅದೇ ಮೂಲೆಯಲ್ಲಿ, ಅವನು ಹೊಸದಾಗಿ ಮಾಡಿಟ್ಟಿದ್ದ ಸ್ಟೂಲಿನ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು.

"ಒಳಗ ಹೊಗಿ ಭಾಳ ಆಗ್ತದ," ಎಂದಳು ತಲೆಯೆತ್ತದೆ. "ಇದರ ಕಾಲಿಗೆ ಗರಗಸ ಮುಟ್ಟಿಸಿದ್ರ ನೋಡ್ರಿ ಮತ್ತ. ಓಣಿಯವರದು ಬೇಕಾದ್ರ ಕತ್ತರಿಸಿ ಕೊಡ್ರಿ."

ಅಂಬ್ರಪ್ಪನ ಕಣ್ಣು ತುಂಬಿ ಬಂದವು. ಹೊಗೆ ಎಂದು ಒರೆಸಿಕೊಂಡ. ಕೊನೆಯ ರೊಟ್ಟಿ ಬುಟ್ಟಿಗೆ ಹಾಕಿ ಮೋನಮ್ಮ ಎದ್ದು ನಿಂತಳು. ಹಿಡಿದುಕೊಳ್ಳಲು ಅಲ್ಲಿ ಗೋಡೆ ಇರಲಿಲ್ಲ, ಬೇಕಾಗಲೂ ಇಲ್ಲ.