ಕರ್ಪೂರ ಹಚ್ಚದ ಮಧ್ಯಾಹ್ನ

ದೇವರನ್ನು ನಂಬುವವಳು ನಾನು. ಶಕುನ, ಸೂಚನೆ, ದೆವ್ವ ಇವನ್ನೆಲ್ಲ ನಂಬಿದವಳಲ್ಲ. ಯಾರಾದರೂ ಅಂಥದ್ದು ಹೇಳಲು ಬಂದರೆ ಒಲೆ ಮೇಲೆ ಹಾಲಿಟ್ಟಿದ್ದೀನಿ ಅಂತ ಎದ್ದು ಒಳಗೆ ಹೋಗುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ಹಿಂದೂಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಕರ್ಪೂರದ ವಾಸನೆ ಬಂತು. ಮನೆಯಲ್ಲಿ ಕರ್ಪೂರ ಮುಗಿದಿತ್ತು. ಬೆಳಿಗ್ಗೆ ತುಪ್ಪದ ಬತ್ತಿಯಲ್ಲೇ ಆರತಿ ಮಾಡಿದ್ದೆ. ಎದ್ದು ಹೋಗಿ ದೇವರ ಮನೆ ನೋಡಿದೆ. ದೀಪ ಶಾಂತವಾಗಿ ಬತ್ತಿ ತಣ್ಣಗಾಗಿತ್ತು. ಬಂದು ಕೂತರೂ ವಾಸನೆ ಹೋಗಲಿಲ್ಲ.

ಅಷ್ಟರಲ್ಲಿ ಕಲ್ಯಾಣದುರ್ಗದಿಂದ ಅಣ್ಣನ ಫೋನ್ ಬಂತು.

"ಏನಮ್ಮಾ, ಮನೇಲಿ ಕರ್ಪೂರ ಏನಾನ ಹಚ್ಚಿದ್ಯಾ?"

"ಇಲ್ಲ ಕಣಣ್ಣ. ಯಾಕೆ?"

"ಇಲ್ಲಿ ಆಗ್ಲಿಂದ ಅದೇ ವಾಸ್ನೆ. ನಿಮ್ಮತ್ತಿಗೆ, ನನ್ ಮೂಗಿಗೂ ಅರಳು ಮರಳಾ ಅಂತವ್ಳೆ." ಆಮೇಲೆ ದನಿ ತಗ್ಗಿಸಿದ. "ಈಗ ಮಗಳು ಫೋನ್ ಮಾಡಿದ್ಲು. ಆ ಫಿಲಂ ಗೋಡೌನಿಗೆ ಬೆಂಕಿ ಬಿದ್ಬುಟ್ಟೈತಂತೆ. ಅಮ್ಮನ ರೀಲೂ ಹೋಯ್ತು ಕಣಮ್ಮ. ಅಂತಾ ಅಯಿಪೋಯಿಂದಿ." ಎಲ್ಲಾ ಮುಗಿದುಹೋಯಿತು ಅಂತ. ದುಃಖ ಬಂದರೆ ಅಣ್ಣನ ಬಾಯಲ್ಲಿ ತೆಲುಗೇ ಬರುವುದು.

ಅಮ್ಮ ತೀರಿಕೊಂಡದ್ದು ನನ್ನನ್ನು ಹೆತ್ತ ಬಾಣಂತನದಲ್ಲಿ. ಅವಳದೊಂದು ಫೋಟೋ ಕೂಡ ಇಲ್ಲ. ಅದಕ್ಕೂ ಮುಂಚೆ ಲೇಪಾಕ್ಷಿಯಲ್ಲಿ ಯಾವುದೋ ಸಿನಿಮಾ ತೆಗೆಯುವಾಗ ಊರ ಹೆಂಗಸರನ್ನು ಕರೆದಿದ್ದರಂತೆ. ಅದರಲ್ಲಿ ಅಮ್ಮ ಬಿಂದಿಗೆ ಹೊತ್ತು ನಡೆದು, ಒಮ್ಮೆ ತಿರುಗಿ ನಗುತ್ತಾಳಂತೆ. ಅಪ್ಪ ಕಲ್ಯಾಣದುರ್ಗದ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್. ರೀಲಿನ ಪೆಟ್ಟಿಗೆ ಬಂದ ದಿನ ಕುಂಕುಮ ಇಟ್ಟು, ಆರತಿಯನ್ನು ಮಾತ್ರ ಹೊಸ್ತಿಲಾಚೆಯಿಂದ ಬೆಳಗುತ್ತಿದ್ದ. "ಒಳಗಿರೋದೂ ಕರ್ಪೂರಾನೇ, ಒಂದು ಕಿಡಿ ಸಾಕು" ಅನ್ನುತ್ತಿದ್ದ. ಆ ಕಾಲದ ಫಿಲಂ ಮಾಡುವಾಗ ಕರ್ಪೂರ ಬೆರೆಸುತ್ತಿದ್ದರಂತೆ.

ಆ ಸಿನಿಮಾ ಅಪ್ಪನ ಟಾಕೀಸಿಗೆ ಬಂದದ್ದು ಒಂದೇ ಸಲ, ನಾನು ತೊಟ್ಟಿಲಲ್ಲಿದ್ದಾಗ. ಆಟದ ನಡುವೆ ರೀಲು ತುಂಡಾಗಿ, ಅಂಟಿಸುವಾಗ ಅಪ್ಪ ಕತ್ತರಿಸಿ ತೆಗೆದ ಚೂರೊಂದು ನನ್ನ ಕುಂಕುಮದ ಡಬ್ಬಿಯಲ್ಲಿದೆ. ಅದರಲ್ಲಿ ಇದ್ದದ್ದು ಅಮ್ಮನ ಬೆನ್ನು, ಜಡೆ, ಬಿಂದಿಗೆ ಅಷ್ಟೇ. ಮುಖ ಇದ್ದದ್ದು ಹಳೆಯ ಸಿನಿಮಾಗಳನ್ನು ಕಾಪಿಟ್ಟಿದ್ದ ಆ ಗೋಡೌನಿನ ರೀಲಿನಲ್ಲಿ. ಅಣ್ಣನ ಮಗಳು ಎಷ್ಟೋ ಓಡಾಡಿ, ನಮಗೆ ತೋರಿಸಲು ಗೋಡೌನಿನವರನ್ನು ಒಪ್ಪಿಸಿದ್ದಳು. ಹೋಗುವ ದಿನಕ್ಕೆಂದು ನಾನು ಸೀರೆ ಕೂಡ ತೆಗೆದಿಟ್ಟಿದ್ದೆ. ಎಪ್ಪತ್ತರ ಹತ್ತಿರ ಬಂದವಳು ಹೆತ್ತವಳ ಮುಖವನ್ನು ಮೊದಲ ಸಲ ನೋಡಬೇಕಿತ್ತು.

ಬೆಂಕಿಯಲ್ಲಿ ಯಾರ ಜೀವವೂ ಹೋಗಲಿಲ್ಲವಂತೆ. ಅಷ್ಟರ ಮಟ್ಟಿಗೆ ದೇವರು ದೊಡ್ಡವನು. ಆದರೆ ಆ ಡಬ್ಬಗಳಲ್ಲಿ ಇನ್ನೂ ಎಷ್ಟು ಜನರ ತಾಯಂದಿರಿದ್ದರೋ.

ಫೋನ್ ಇಟ್ಟು, ಕೈ ತೊಳೆದು, ಆ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಜಡೆಯ ಪಕ್ಕದಲ್ಲಿ ಒಂದು ಕೆನ್ನೆ ಇತ್ತು. ಒಂದು ಮೂಗುತಿಯ ಚುಕ್ಕಿ.

ಕಣ್ಣಿನ ಪೊರೆ ತೆಗೆಸಿಕೊಂಡು ತಿಂಗಳೂ ಆಗಿರಲಿಲ್ಲ. ಅದಕ್ಕೇ ಈಗ ಕಂಡಿರಬೇಕು ಅಂತ ಸಮಾಧಾನ ಮಾಡಿಕೊಂಡೆ. ಅಣ್ಣನಿಗೆ ಏನೂ ಹೇಳಲಿಲ್ಲ. ಮರುದಿನ ಅವನು ಬಸ್ಸಿನಲ್ಲಿ ಬಂದ. ಆ ಚೂರನ್ನು ಚಿಕ್ಕಂದಿನಿಂದ ಕಂಡವನು. ಕಾಫಿ ಕುಡಿದು, "ಅದನ್ನೊಂದ್ಸಲ ಕೊಡು" ಅಂದ. ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತಿದ್ದ.

"ಇವಳು ಯಾವಾಗ ತಿರುಗಿದ್ಲಮ್ಮಾ?" ಅಂದ.

ಚೂರನ್ನು ಅವನ ಕೈಯಿಂದ ತೆಗೆದುಕೊಂಡು ಕುಂಕುಮದ ಡಬ್ಬಿಗೆ ಹಾಕಿದೆ. ಅವನು ಸಂಜೆಯ ಬಸ್ಸಿಗೆ ಹೊರಟ ಮೇಲೆ, ಹಿಂದಿನ ದಿನ ಅರ್ಧಕ್ಕೆ ಬಿಟ್ಟಿದ್ದ ಹುಣಸೆಹಣ್ಣನ್ನು ಬಿಡಿಸಿ ಮುಗಿಸಿ, ಉಪ್ಪು ಬೆರೆಸಿ ಜಾಡಿಗೆ ತುಂಬಿದೆ.