ಸರೋಜಮ್ಮನ ದನಿ ಇದ್ದ ಲ್ಯಾಪ್‌ಟಾಪ್

2022ರ ನವರಾತ್ರಿ. ನಾನು ಆಗ ವಿಜಯನಗರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಸ್ಪೀಚ್ ಥೆರಪಿಸ್ಟ್. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು. ತೊದಲುವ ಮಕ್ಕಳು, ಸ್ಟ್ರೋಕ್ ಆದ ಹಿರಿಯರು ನಮ್ಮಲ್ಲಿಗೆ ಬರುತ್ತಿದ್ದರು. ಅಪರೂಪಕ್ಕೆ ಯಾರಾದರೂ ವಾಯ್ಸ್ ಬ್ಯಾಂಕಿಂಗ್‌ಗೂ ಬರುತ್ತಿದ್ದರು. ಕ್ಯಾನ್ಸರ್‌ನಿಂದಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದಾಗ, ಅದಕ್ಕೆ ಮೊದಲೇ ಅವರ ಮಾತುಗಳನ್ನು ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿಡುವುದಕ್ಕೆ ಈ ಹೆಸರು. ಆಮೇಲೆ ಫೋನಿನಲ್ಲಿ ಬೇಕಾದ ವಾಕ್ಯ ಒತ್ತಿದರೆ ಕೇಳಿಸುತ್ತದೆ.

ಅತ್ತಿಗುಪ್ಪೆಯಲ್ಲಿ ಊಟದ ಮೆಸ್ ನಡೆಸುತ್ತಿದ್ದ ಸರೋಜಮ್ಮ ಬಂದದ್ದು ಇದಕ್ಕೇ. ಕಾಯಿಲೆಯಿಂದ ಒಡೆದಿದ್ದರೂ ಎಂಥ ದನಿ ಅದು! ಥೇಟ್ ರಾಣಿಯ ಗತ್ತು. "ನೀರು ಬೇಕು", "ನೋಯ್ತಿದೆ" ಅಂತ ನಾನು ಹೇಳಿಕೊಡಲು ಹೊರಟರೆ ಆಕೆ ನಕ್ಕರು.

"ಅದೆಲ್ಲ ಕೈಸನ್ನೆ ಮಾಡಿದ್ರೂ ಗೊತ್ತಾಗುತ್ತೆ ಮೇಡಂ. ಬೈಗುಳ ಹಾಕ್ಕೊಳ್ಳಿ. ನಮ್ಮೆಜಮಾನ್ರಿಗೆ ಬೈಸ್ಕೊಳ್ದೆ ಕಾಫಿ ಇಳಿಯಲ್ಲ."

"ಅದನ್ನ ಮಾತ್ರ ಸ್ವಲ್ಪ ಕಮ್ಮಿ ಸೌಂಡಲ್ಲಿ ಹಾಕಿ," ಎಂದರು ಪಕ್ಕದಲ್ಲಿ ಕೂತಿದ್ದ ಗಂಡ ಶಿವಣ್ಣ.

ಸುಮಾರು ಮುನ್ನೂರು ವಾಕ್ಯ ಆದವು. ಹಿನ್ನೆಲೆಯ ಸದ್ದು ತೆಗೆದು, ಕ್ಲೀನ್ ಮಾಡಿ, ಡಿಸ್ಚಾರ್ಜ್ ಹೊತ್ತಿಗೆ ಕೊಡುವುದು ಕ್ಲಿನಿಕ್ಕಿನ ಪದ್ಧತಿ. ಅಲ್ಲಿಯವರೆಗೆ ಎಲ್ಲವೂ ಒಂದೇ ಲ್ಯಾಪ್‌ಟಾಪಿನಲ್ಲಿ ಇರುತ್ತಿತ್ತು.

ಆಸ್ಪತ್ರೆಯಲ್ಲಿ ಸರೋಜಮ್ಮನ ಆಪರೇಷನ್ ಮುಗಿಯಿತು. ಆಯುಧಪೂಜೆಯ ಬೆಳಿಗ್ಗೆ ಎಡಿಟಿಂಗ್ ಮಾಡೋಣವೆಂದು ಕ್ಲಿನಿಕ್ಕಿಗೆ ಬೇಗ ಬಂದೆ. ಲ್ಯಾಪ್‌ಟಾಪ್ ತಾನಾಗಿಯೇ ಫರ್ಮ್‌ವೇರ್ ಅಪ್‌ಡೇಟ್ ಶುರುಮಾಡಿಕೊಂಡಿತು. ಫರ್ಮ್‌ವೇರ್ ಎಂದರೆ ಉಳಿದೆಲ್ಲಕ್ಕೂ ಮೊದಲು ತಾನೆದ್ದು ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ. ಅದು ಬದಲಾಗುವಾಗ ಮಧ್ಯೆ ಆಫ್ ಮಾಡಕೂಡದು. ಮುಗಿಯಲಿ ಅಂತ ಕಾಫಿಗೆ ಒಳಗೆ ಹೋದೆ. ಬಂದು ನೋಡಿದರೆ ಲ್ಯಾಪ್‌ಟಾಪ್ ಮುಚ್ಚಿದೆ. ಮೇಲೆ ಅರಿಸಿನ, ಕುಂಕುಮ, ಒಂದು ಸೇವಂತಿಗೆ.

"ಯಾರಮ್ಮ ಇದನ್ನ ಆಫ್ ಮಾಡಿದ್ದು?"

"ನಾನೇ ಮೇಡಂ," ಎಂದಳು ರಿಸೆಪ್ಷನಿಸ್ಟ್ ಭಾಗ್ಯ, ಖುಷಿಯಿಂದ. "ಪೂಜೆ ದಿನ ಮೆಷಿನ್‌ಗೆ ರೆಸ್ಟ್ ಅಲ್ವಾ? ಏನೋ ಓಡ್ತಾನೇ ಇತ್ತು. ಬಟನ್ ಒತ್ತಿ ಹಿಡ್ಕೊಂಡೆ."

ತೆರೆದು ಬಟನ್ ಒತ್ತಿದೆ. ಫ್ಯಾನ್ ಒಮ್ಮೆ ಉಸಿರು ಬಿಟ್ಟು ನಿಂತಿತು. ಪರದೆ ಕಪ್ಪು. ಮತ್ತೆ ಒತ್ತಿದೆ. ಕಪ್ಪು. ಲ್ಯಾಪ್‌ಟಾಪ್ ಹೊಸದು ತರಬಹುದು. ಆ ದನಿಯನ್ನು ಎಲ್ಲಿಂದ ತರಲಿ? ಅದು ಹೊರಡುತ್ತಿದ್ದ ಜಾಗವೇ ಸರೋಜಮ್ಮನ ಗಂಟಲಲ್ಲಿ ಇರಲಿಲ್ಲ.

ಆಟೋ ಹಿಡಿದು ರಾಜಾಜಿನಗರದ ರಿಪೇರಿ ಅಂಗಡಿಗೆ ಓಡಿದೆ. ಬಾಗಿಲಿಗೆ ಬಾಳೆಕಂದು, ಎದುರಿಗೆ ಒಡೆದ ಬೂದುಗುಂಬಳ. ಟೆಕ್ನಿಷಿಯನ್ ಮಂಜುನಾಥ ಕಡ್ಲೆಪುರಿ ಹಂಚುತ್ತಿದ್ದ.

"ಡಿಸ್ಕ್ ಬಿಚ್ಚಿ ಬೇರೆ ಲ್ಯಾಪ್‌ಟಾಪಿಗೆ ಹಾಕಕ್ಕಾಗಲ್ವೇನಪ್ಪ?"

"ಎನ್‌ಕ್ರಿಪ್ಟ್ ಆಗಿದೆ ಆಂಟಿ. ಬೀಗ ಡಿಸ್ಕಲ್ಲಿ, ಕೀ ಈ ಬೋರ್ಡಲ್ಲಿ. ಚಿಪ್‌ಗೆ ಫರ್ಮ್‌ವೇರ್ ಹೊಸದಾಗಿ ಬರ್ದು ಈ ಬೋರ್ಡನ್ನೇ ಎಬ್ಬಿಸ್ಬೇಕು. ಎದ್ರೆ ಎದ್ದಂಗೆ."

"ಈಗ್ಲೇ ಮಾಡು, ಪ್ಲೀಸ್."

ಆತ ಹಿಂದೆ ತಿರುಗಿ ನೋಡಿದ. ಸೋಲ್ಡರಿಂಗ್ ಐರನ್, ಚಿಪ್ ಬರೆಯುವ ಸಾಧನ, ಎಲ್ಲವೂ ಹೂ ಮುಡಿದು ದೇವರ ಮುಂದೆ ಕೂತಿದ್ದವು.

"ಇವತ್ತು ಟೂಲ್ಸ್ ಮುಟ್ಟಂಗಿಲ್ಲ ಆಂಟಿ. ನಾಳೆ ದಶಮಿ, ಮೊದಲ್ನೇ ಕೆಲ್ಸ ನಿಮ್ದೇ."

ಸಂಜೆ ಶಿವಣ್ಣ ಫೋನ್ ಮಾಡಿದರು. "ಫೋನ್ ತೋರ್ಸಿ ತೋರ್ಸಿ ಕೇಳ್ತಾವ್ಳೆ ಮೇಡಂ. ವಾಯ್ಸ್ ಯಾವಾಗ ಹಾಕ್ತೀರಾ?"

"ನಾಳೆ ಹೇಳ್ತೀನಿ," ಎಂದು ಹೇಗೋ ಮುಗಿಸಿದೆ.

ಬೆಳಿಗ್ಗೆ ಮಂಜುನಾಥ ದೇವರಿಗೆ ಕೈಮುಗಿದು ಚಿಪ್‌ಗೆ ಕ್ಲಿಪ್ ಸಿಕ್ಕಿಸಿದ. ಬರೆದ, ಪರದೆ ಕಪ್ಪು. ಮತ್ತೆ ಬರೆದ, ಕಪ್ಪು. ಮೂರನೇ ಸಲ ಬೆಳಕು ಬಂತು, ಪಾಸ್‌ವರ್ಡ್ ಕೇಳಿತು. ಗಡಿಬಿಡಿಯಲ್ಲಿ ಮೂರು ಬಾರಿ ತಪ್ಪು ಒತ್ತಿದೆ. ಕೊನೆಗೆ ಫೋಲ್ಡರ್ ತೆರೆಯಿತು. ಒಂದೂ ಹೋಗಿರಲಿಲ್ಲ.

ಎಡಿಟಿಂಗ್ ಗಿಡಿಟಿಂಗ್ ಏನೂ ಬೇಡವೆಂದು ನೇರ ಆಸ್ಪತ್ರೆಗೆ ಹೋಗಿ ಸರೋಜಮ್ಮನ ಫೋನಿಗೆ ಅಷ್ಟನ್ನೂ ಹಾಕಿದೆ. ಶಿವಣ್ಣ ಕಾರಿಡಾರಿನಲ್ಲಿ ನಮಗೆ ಬೆನ್ನು ಮಾಡಿ ತರಕಾರಿಯವನ ಜೊತೆ ಫೋನಿನಲ್ಲಿದ್ದರು. ಸರೋಜಮ್ಮ ಹುಡುಕಿ ಒಂದನ್ನು ಒತ್ತಿದರು.

"ರೀ, ಎಲ್ಲೋದ್ರಿ?"

"ಬಂದೆ ಕಣೇ, ಇಲ್ಲೇ ಇದೀನಲ್ಲ, ಯಾಕಂಗೆ ಬಡ್ಕೋತೀಯಾ," ಎನ್ನುತ್ತಲೇ ಒಳಗೆ ಬಂದ ಮನುಷ್ಯ ಹೆಂಡತಿಯ ಕುತ್ತಿಗೆಯ ಬ್ಯಾಂಡೇಜ್ ಕಂಡು ಬಾಗಿಲಲ್ಲೇ ನಿಂತುಬಿಟ್ಟರು. ಆಕೆ ಮತ್ತೆ ಅದನ್ನೇ ಒತ್ತಿದರು. ಆತ ಈ ಸಲ ಮೆಲ್ಲಗೆ, "ಇಲ್ಲೇ ಇದೀನಿ," ಎಂದರು.

ಬ್ಯಾಕಪ್ ಇಡಿ ಎಂದು ಎಲ್ಲರೂ ಹೇಳುತ್ತಾರೆ, ಇಡಲೇಬೇಕು. ಆದರೆ ನನಗೆ ಆ ಎರಡು ದಿನ ಕಲಿಸಿದ್ದು, ಒಬ್ಬರ ದನಿಯನ್ನು ಚೆಂದ ಮಾಡಿ ಕೊಡುತ್ತೇವೆಂದು ನಮ್ಮ ಬಳಿ ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ ಎಂಬುದನ್ನು. ಉಳಿದ ತಿಂಗಳುಗಳಲ್ಲಿ ಯಾರ ರೆಕಾರ್ಡಿಂಗ್ ಮುಗಿದರೂ, ಅವರು ಕುರ್ಚಿಯಿಂದ ಏಳುವ ಮೊದಲೇ ಅದನ್ನು ಅವರ ಫೋನಿಗೆ ಹಾಕಿ ಕಳಿಸಿದೆ.